ವೆಬ್‌ಸೈಟ್ ಫಾರ್ಮಿನಿಂದ ಹೋಗೋ ಮೇಲ್: ಕಳಿಸಿದವರ ಜಾಗದಾಗ ಯಾರ ವಿಳಾಸ ಇರಬೇಕು?

ಕೊಂಡಿ_ಇಳಕಲ್ಲ · ರಾತ್ರಿ 9:12

ಎಲ್ಲಾರಿಗೂ ನಮಸ್ಕಾರ ರೀ. ಇಳಕಲ್ಲದಾಗ ನಮ್ಮ ಸೋದರಮಾವಂದು ಸೀರಿ ಅಂಗಡಿ ಐತಿ, ಮನ್ಯಾಗ ಎರಡು ಕೈಮಗ್ಗ ಅದಾವ. ಹೋದ ವರ್ಷ ನಾನ ಕುಂತು ಅವರಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟೆ. ಫಾರ್ಮಿನಾಗ ಹೆಸರು, ಈಮೇಲ್, ಫೋನ್, ಯಾವ ದಡಿ, ಯಾವ ಬಣ್ಣ ಅಂತ ತುಂಬಿ ಒತ್ತಿದ್ರ ಪಿಎಚ್‌ಪಿ (ಸೈಟ್ ಬರೆಯೋ ಪ್ರೋಗ್ರಾಮ್ ಭಾಷೆ) ಮೇಲ್ ಫಂಕ್ಷನ್ನಿನಿಂದ ಮಾವನ ಜಿಮೇಲಿಗೆ ಒಂದು ಮೇಲ್ ಹೋಗತೈತಿ. ಫ್ರಮ್ ಹೆಡರಿನಾಗ, ಅಂದ್ರ ಕಳಿಸಿದವರು ಯಾರು ಅಂತ ತೋರಿಸೋ ಸಾಲಿನಾಗ, ಗ್ರಾಹಕರು ತುಂಬಿದ ವಿಳಾಸನ ಹಾಕೇನಿ. ಮಾವ ಮೇಲ್ ತೆಗೆದು ರಿಪ್ಲೈ ಒತ್ತಿದ್ರ ಸೀದಾ ಗ್ರಾಹಕರಿಗೆ ಹೋಗ್ಲಿ ಅಂತ.

ಮೊನ್ನೆ ಹುಬ್ಬಳ್ಳಿಯಿಂದ ಒಬ್ಬ ಅಕ್ಕಾರು ಫೋನ್ ಮಾಡಿದ್ರು. ಮಗಳ ಮದುವಿ ಆಹೇರಕ್ಕ ಚಿಕ್ಕಿ ಪರಾಸ ದಡಿಯವು ಆರು ಸೀರಿ ಬೇಕಂತ ಫಾರ್ಮಿನಾಗ ಬರದು ಹತ್ತು ದಿನ ಆಗೈತಂತ, ನಮ್ಮ ಕಡೆಯಿಂದ ಒಂದು ಮಾತಿಲ್ಲ. ಅವರು ಬೈಲಿಲ್ಲ, 'ನಿಮ್ಮನ್ನ ನಂಬಿ ಬ್ಯಾರೆ ಕಡೆ ಕೇಳಲಿಲ್ಲಪಾ' ಅಂದ್ರು. ಮಾವ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ನಾನು ಸ್ಪ್ಯಾಮ್ ತೆಗೆದು ನೋಡಿದ್ರ ಅಲ್ಲಿ 11 ಆರ್ಡರ್ ಬಿದ್ದಾವ. ಆದ್ರ ಹುಬ್ಬಳ್ಳಿಯವರದು ಅಲ್ಲೂ ಇಲ್ಲ. ಮೇಲ್ ಫಂಕ್ಷನ್ ಅಂತೂ ಪ್ರತಿ ಸಲ ಟ್ರೂ ಅಂತನ ವಾಪಸ್ ಕೊಡಾಕತ್ತೈತಿ. ಎಲ್ಲಿ ತಪ್ಪೇನಿ, ಯಾರರ ಹೇಳ್ರಿ.

ಮನೂಕ_ತಿಕೋಟಾ · ರಾತ್ರಿ 9:30

ತಮ್ಮಾ, ಟ್ರೂ ಅಂದ್ರ ಮೇಲ್ ಮುಟ್ಟಿತು ಅಂತಲ್ಲ. ಸರ್ವರಿನೊಳಗಿನ ಮೇಲ್ ಪ್ರೋಗ್ರಾಮ್ ಅದನ್ನ ಕೈಯಾಗ ತಗೊಂಡಿತು ಅಂತ, ಅಷ್ಟ. ಮುಂದಿನ ದಾರಿ ಪಿಎಚ್‌ಪಿಗೆ ಗೊತ್ತಾಗೂದಿಲ್ಲ. ನಾನೂ ಒಣದ್ರಾಕ್ಷಿ ಮಾರೋ ಸೈಟಿನಾಗ ಇದಕ್ಕ ಸಿಕ್ಕಿದ್ದೆ.

ಕೋಟೆಕೆರೆ_ಬೆಳಗಾವಿ · ರಾತ್ರಿ 9:41

ಸ್ಪ್ಯಾಮಿನಲ್ಲಿ ಸಿಕ್ಕ ಒಂದು ಮೇಲನ್ನು ಕಂಪ್ಯೂಟರಿನಲ್ಲಿ ತೆರೆಯಿರಿ. ಮೂರು ಚುಕ್ಕಿ ಒತ್ತಿದರೆ 'ಶೋ ಒರಿಜಿನಲ್' ಅಂತ ಬರುತ್ತದೆ. ಅಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜವಾದ ಜಾಗದಿಂದ ಬಂತೇ ಅಂತ ನೋಡುವ ಮೂರು ಪರೀಕ್ಷೆ) ಎದುರಿಗೆ ಏನಿದೆ, ಕೆಳಗೆ ರಿಟರ್ನ್ ಪಾತ್ ಸಾಲಿನಲ್ಲಿ ಯಾವ ವಿಳಾಸವಿದೆ, ಅಷ್ಟು ಹಾಕಿ. ಗ್ರಾಹಕರ ವಿಳಾಸ, ಫೋನ್ ಅಳಿಸಿ ಹಾಕಿ.

ಕೊಂಡಿ_ಇಳಕಲ್ಲ · ರಾತ್ರಿ 10:05

ನೋಡಿದೆ ಅಕ್ಕಾರ. ಎಸ್‌ಪಿಎಫ್ ಪಾಸ್. ಡಿಕಿಮ್ ಸಾಲನ ಇಲ್ಲ. ಡಿಮಾರ್ಕ್ ಫೇಲ್. ರಿಟರ್ನ್ ಪಾತ್‌ನಾಗ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹೈಫನ್ ಡಾಟಾ' ಅಂತ ಇದ್ದು, ಅಟ್ ಆದಮ್ಯಾಲೆ ಹೋಸ್ಟಿಂಗಿನವರ ಯಾವುದೋ ಮಷೀನಿನ ಹೆಸರೈತಿ. ಇದನ್ನ ನಾನು ಎಲ್ಲೂ ಬರದಿಲ್ಲ. ಮತ್ತ ಎಸ್‌ಪಿಎಫ್ ಪಾಸ್ ಆದ್ರ ಡಿಮಾರ್ಕ್ ಯಾಕ ಫೇಲ್ ಆಗತೈತಿ?

ಕೋಟೆಕೆರೆ_ಬೆಳಗಾವಿ · ರಾತ್ರಿ 10:52

ನಿಮ್ಮ ಪ್ರಶ್ನೆಯಲ್ಲೇ ಗಂಟು ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದು ಮೇಲಿಗೆ ಕಳಿಸಿದವರ ವಿಳಾಸ ಎರಡು ಇರುತ್ತವೆ. ಲಗ್ನಪತ್ರಿಕೆ ನೆನೆಸಿಕೊಳ್ಳಿ. ಒಳಗೆ 'ತಮ್ಮ ಆಗಮನಾಭಿಲಾಷಿಗಳು' ಅಂತ ಹಿರಿಯರ ಹೆಸರು ಅಚ್ಚಾಗಿರುತ್ತದೆ, ಓದುವವರು ನೋಡುವುದು ಅದನ್ನೇ. ಅಂಚೆಗೆ ಹಾಕಿದ ಲಕೋಟೆಯ ಮೂಲೆಯಲ್ಲಿ ಇನ್ನೊಂದು ವಿಳಾಸ ಬರೆದಿರುತ್ತೇವೆ. ಪತ್ರ ಮುಟ್ಟದಿದ್ದರೆ ಅಂಚೆಯವ ವಾಪಸ್ ತರುವುದು ಆ ಮೂಲೆಯ ವಿಳಾಸಕ್ಕೆ, ಒಳಗಿನ ಹೆಸರನ್ನು ಅವನು ಬಿಚ್ಚಿ ನೋಡುವುದಿಲ್ಲ. ಮೇಲ್ ಕೂಡ ಹೀಗೆಯೇ. ಎರಡು ಸರ್ವರುಗಳು ಮಾತಾಡುವಾಗ ಮೊದಲು 'ಮೇಲ್ ಫ್ರಮ್' ಅಂತ ಒಂದು ವಿಳಾಸ ಹೇಳುತ್ತವೆ, ಅದು ಲಕೋಟೆಯದು. ಆಮೇಲೆ ಬರುವ ಪತ್ರದೊಳಗೆ 'ಫ್ರಮ್' ಹೆಡರ್ ಇರುತ್ತದೆ, ಅದು ಓದುವವರಿಗೆ ಕಾಣುವುದು. 1982ರ ಆಗಸ್ಟಿನಲ್ಲಿ ಬಂದ ಆರ್‌ಎಫ್‌ಸಿ (ಇಂಟರ್ನೆಟ್ಟಿನ ನಿಯಮ ಬರೆದ ದಾಖಲೆ) 821 ಲಕೋಟೆಯ ವ್ಯವಹಾರವನ್ನೂ, ಆರ್‌ಎಫ್‌ಸಿ 822 ಒಳಗಿನ ಪತ್ರದ ರೂಪವನ್ನೂ ಬೇರೆ ಬೇರೆಯಾಗಿಯೇ ಬರೆದವು. ಇವತ್ತು ಬಳಕೆಯಲ್ಲಿರುವ 5321, 5322 ಎರಡೂ 2008ರವು, ಆ ವಿಭಜನೆ ಹಾಗೇ ಉಳಿದಿದೆ.

ನೀವು ಬರೆದದ್ದು ಒಳಗಿನ ಫ್ರಮ್ ಮಾತ್ರ. ಲಕೋಟೆಗೆ ಏನೂ ಹೇಳದ ಕಾರಣ ಸರ್ವರು ವೆಬ್‌ಸೈಟ್ ನಡೆಸುವ ಯೂಸರಿನ ಹೆಸರನ್ನೇ ಹಾಕಿತು. ಉಬುಂಟು, ಡೆಬಿಯನ್ ಸರ್ವರುಗಳಲ್ಲಿ ಆ ಯೂಸರಿನ ಹೆಸರೇ ನೀವು ಕಂಡ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಹೈಫನ್ ಡಾಟಾ.

ಈಗ ಪಾಸ್, ಫೇಲ್ ನೋಡೋಣ. ಎಸ್‌ಪಿಎಫ್ ಪರೀಕ್ಷಿಸುವುದು ಲಕೋಟೆಯ ಡೊಮೇನನ್ನು, ಅಂದರೆ ಆ ವಿಳಾಸದಲ್ಲಿ ಅಟ್ ಆದಮೇಲಿನ ಹೆಸರನ್ನು: ಆ ಹೆಸರಲ್ಲಿ ಕಳಿಸಲು ಈ ಸರ್ವರಿಗೆ ಒಪ್ಪಿಗೆ ಇದೆಯೇ ಅಂತ. ಅದು ಹೋಸ್ಟಿಂಗಿನವರದು, ಸರ್ವರೂ ಅವರದೇ, ಹಾಗಾಗಿ ಪಾಸ್. ಡಿಮಾರ್ಕ್ ಕೇಳುವುದು ಬೇರೆ ಪ್ರಶ್ನೆ: ಎಸ್‌ಪಿಎಫ್‌ನಲ್ಲೋ ಡಿಕಿಮ್‌ನಲ್ಲೋ (ಕಳಿಸುವ ಡೊಮೇನು ಮೇಲಿಗೆ ಹಾಕುವ ಡಿಜಿಟಲ್ ಸಹಿ) ಪಾಸಾದ ಡೊಮೇನೂ ಒಳಗಿನ ಫ್ರಮ್ ಡೊಮೇನೂ ಒಂದೇ ಮನೆಯವೇ? ನಿಮ್ಮ ಮೇಲಿನ ಫ್ರಮ್‌ನಲ್ಲಿ ಗ್ರಾಹಕರ ಜಿಮೇಲ್, ಲಕೋಟೆಯಲ್ಲಿ ಹೋಸ್ಟಿಂಗ್ ಮಷೀನು. ಹೊಂದಾಣಿಕೆ ಇಲ್ಲ, ಫೇಲ್.

ಹೆಸರು ಬೇರೆಯವರದು, ಕಳಿಸಿದ ಯಂತ್ರ ನಿಮ್ಮದು. ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ಮೋಸಗಾರರು ಮಾಡುವುದೂ ಇದನ್ನೇ. ತೆಗೆದುಕೊಳ್ಳುವ ಸರ್ವರಿಗೆ ಎರಡರ ವ್ಯತ್ಯಾಸ ತಿಳಿಯುವ ದಾರಿಯಿಲ್ಲ.

ಒಂದು ಮಾತು ಕೇಳಬೇಕಿತ್ತು. ಹುಬ್ಬಳ್ಳಿಯವರು ಫಾರ್ಮಿನಲ್ಲಿ ಯಾಹೂ ವಿಳಾಸ ಕೊಟ್ಟಿದ್ದರೇ?

ಕೊಂಡಿ_ಇಳಕಲ್ಲ · ರಾತ್ರಿ 11:08

ಈಗಷ್ಟ ಮಾವಗ ಹೇಳಿ ಅವರಿಗೆ ಫೋನ್ ಮಾಡಿಸಿದೆ. ಹೌದಂತ ಅಕ್ಕಾರ! ಯಾಹೂ! ನಿಮಗ ಹೆಂಗ ಗೊತ್ತಾತು?

ಕೋಟೆಕೆರೆ_ಬೆಳಗಾವಿ · ರಾತ್ರಿ 11:20

ಯಾಹೂ 2014ರ ಏಪ್ರಿಲ್‌ನಲ್ಲೇ ತನ್ನ ಡೊಮೇನಿಗೆ ಡಿಮಾರ್ಕ್ ನೀತಿಯನ್ನು 'ರಿಜೆಕ್ಟ್' ಮಾಡಿತು. ತನ್ನ ಹೆಸರಿನಲ್ಲಿ ಬೇರೆ ಸರ್ವರಿನಿಂದ ಮೇಲ್ ಬಂದರೆ ಬಾಗಿಲಲ್ಲೇ ತಿರುಗಿಸಿ ಕಳಿಸಿ ಅಂತ ಜಗತ್ತಿಗೆಲ್ಲ ಹೇಳಿದೆ. ಅಂಥ ಮೇಲ್ ಸ್ಪ್ಯಾಮಿಗೂ ಬರುವುದಿಲ್ಲ. ಹಾಗೆ ತಿರುಗಿದ್ದು ಎಲ್ಲಿಗೆ ಹೋಯಿತು? ಲಕೋಟೆಯ ಮೂಲೆಯಲ್ಲಿದ್ದ ವಿಳಾಸಕ್ಕೆ, ಅಂದರೆ ಯಾರೂ ತೆರೆಯದ ಆ ಸರ್ವರಿನ ಪೆಟ್ಟಿಗೆಗೆ. ನಿಮ್ಮ ಮಾವನಿಗೆ ಸುದ್ದಿ ಮುಟ್ಟದಿರಲು ಕಾರಣ ಇದು.

ನವನಗರ_ಮಾಸ್ತರ · ಮುಂಜಾನೆ 6:35

ಈ ಲಕೋಟೆ ಮೂಲೆ ವಿಳಾಸ ಅಂದಕೂಡಲೆ ನನಗ ನಮ್ಮ ಬಾಗಲಕೋಟಿ ಮುಳುಗಡಿ ನೆನಪಾತು. ಆಲಮಟ್ಟಿ ಹಿನ್ನೀರು ಬಂದು ಹಳೆ ಊರಿನ ಮನಿ ಬಿಟ್ಟು ನವನಗರದ ಸೆಕ್ಟರಿಗೆ ಬಂದಾಗ ನಮ್ಮಪ್ಪ ಮೊದಲ ಮಾಡಿದ ಕೆಲಸ, ಇದ್ದಬದ್ದ ಬೀಗರಿಗೆಲ್ಲ ಹೊಸ ವಿಳಾಸದ ಕಾರ್ಡ್ ಬರೆಯೋದು. ಬರೆಯೋದು ತಪ್ಪಿದ ಒಬ್ಬರ ಮನಿ ಸಾವಿನ ಸುದ್ದಿ ನಮಗ ತಿಂಗಳ ಮ್ಯಾಲೆ ಗೊತ್ತಾತು. ವಾಪಸ್ ಬರೋ ವಿಳಾಸ ಜೀವಂತ ಇರಬೇಕು. ಯಾರೂ ಓದದ ಪೆಟ್ಟಿಗಿಗೆ ಬೌನ್ಸ್ (ಮುಟ್ಟದ ವಾಪಸ್ ಬಂದ ಮೇಲ್) ಹೋಗಾಕ ಬಿಡಬ್ಯಾಡ ತಮ್ಮಾ.

ಕೋಟೆಕೆರೆ_ಬೆಳಗಾವಿ · ಮುಂಜಾನೆ 7:50

ಮಾಸ್ತರ ಮಾತು ನಿಜ. ಈಗ ಮಾಡಬೇಕಾದದ್ದು.

ಫ್ರಮ್ ಹೆಡರಿಗೆ ನಿಮ್ಮದೇ ಡೊಮೇನಿನ ವಿಳಾಸ ಹಾಕಿ, 'ಆರ್ಡರ್ ಅಟ್ ಅಂಗಡಿಯ ಡೊಮೇನ್' ಅನ್ನುವಂಥದ್ದು. ಗ್ರಾಹಕರ ವಿಳಾಸದ ಸರಿಯಾದ ಜಾಗ 'ರಿಪ್ಲೈ ಟು' ಹೆಡರ್. ಮಾವ ರಿಪ್ಲೈ ಒತ್ತಿದರೆ ಮೇಲ್ ಪ್ರೋಗ್ರಾಮು ಅದನ್ನೇ ನೋಡುತ್ತದೆ, ನಿಮಗೆ ಬೇಕಾಗಿದ್ದ ಅನುಕೂಲ ಪೂರ್ತಿ ಸಿಗುತ್ತದೆ.

ಲಕೋಟೆಯ ವಿಳಾಸಕ್ಕೆ ಮೇಲ್ ಫಂಕ್ಷನ್ನಿನ ಐದನೇ ಆರ್ಗ್ಯುಮೆಂಟ್ ಬೇಕು. ಮೊದಲ ನಾಲ್ಕು ನೀವು ಬಳಸಿಯೇ ಇದ್ದೀರಿ: ಯಾರಿಗೆ, ವಿಷಯ, ಒಕ್ಕಣೆ, ಹೆಡರುಗಳು. ಐದನೆಯದರಲ್ಲಿ ಮೈನಸ್ ಚಿಹ್ನೆ, ಅದಕ್ಕೆ ಅಂಟಿಕೊಂಡು ಸಣ್ಣ ಎಫ್, ಅದಕ್ಕೂ ಅಂಟಿಕೊಂಡು ನಿಮ್ಮ ವಿಳಾಸ, ನಡುವೆ ಜಾಗ ಬಿಡಬೇಡಿ. ಆ ಪೆಟ್ಟಿಗೆ ನಿಜವಾಗಿ ಇರಬೇಕು, ವಾರಕ್ಕೊಮ್ಮೆಯಾದರೂ ಯಾರಾದರೂ ತೆರೆಯಬೇಕು. 'ರಿಟರ್ನ್ ಪಾತ್' ಅಂತ ಹೆಡರಿನಲ್ಲೇ ಬರೆದುಬಿಟ್ಟರೆ ಸಾಕು ಅಂದುಕೊಳ್ಳುವವರಿದ್ದಾರೆ, ಅದು ಕೆಲಸ ಮಾಡುವುದಿಲ್ಲ. ಆ ಸಾಲನ್ನು ಮೇಲ್ ಮುಟ್ಟಿಸುವ ಕೊನೆಯ ಸರ್ವರು ಲಕೋಟೆ ನೋಡಿ ತಾನೇ ಬರೆಯುತ್ತದೆ. ಹಾಗೆಯೇ ಪಿಎಚ್‌ಪಿ ಐಎನ್‌ಐ ಫೈಲಿನ 'ಸೆಂಡ್‌ಮೇಲ್ ಫ್ರಮ್' ಅನ್ನುವ ಸೆಟ್ಟಿಂಗ್ ವಿಂಡೋಸಿಗೆ ಮಾತ್ರ. ಲಿನಕ್ಸಿನಲ್ಲಿ ಅದನ್ನು ಬದಲಿಸಿ ಬದಲಿಸಿ ಒಂದು ದಿನ ಕಳೆದವರನ್ನು ನಾನು ಕಂಡಿದ್ದೇನೆ.

ಕೊಂಡಿ_ಇಳಕಲ್ಲ · ಮಧ್ಯಾಹ್ನ 1:15

ಎರಡೂ ಮಾಡಿದೆ ಅಕ್ಕಾರ. ರಿಟರ್ನ್ ಪಾತ್‌ನಾಗ ಈಗ ನಮ್ಮ ವಿಳಾಸ ಬಂದೈತಿ, ನೋಡಿ ಭಾಳ ಖುಷಿ ಆತು. ಆದ್ರ ಮೊದಲ ಪಾಸ್ ಇದ್ದ ಎಸ್‌ಪಿಎಫ್ ಈಗ 'ಪರ್ಮ್ ಎರರ್' (ಕಾಯಂ ತಪ್ಪು) ಅನ್ನಾಕತ್ತೈತಿ. ಮೇಲ್ ಮತ್ತ ಸ್ಪ್ಯಾಮಿಗೇ ಹೊಂಟೈತಿ.

ಕೋಟೆಕೆರೆ_ಬೆಳಗಾವಿ · ಮಧ್ಯಾಹ್ನ 1:40

ಇಷ್ಟು ದಿನ ಪರೀಕ್ಷೆಯಾಗುತ್ತಿದ್ದದ್ದು ಹೋಸ್ಟಿಂಗಿನವರ ಡೊಮೇನು, ಇವತ್ತಿನಿಂದ ನಿಮ್ಮದು. ಡಿಎನ್‌ಎಸ್ (ಡೊಮೇನಿನ ವಿವರ ಜಗತ್ತಿಗೆ ಹೇಳುವ ದಾಖಲೆ) ಪುಟದಲ್ಲಿ ಟಿಎಕ್ಸ್‌ಟಿ ಅನ್ನುವ ಸಾಲುಗಳನ್ನು ನೋಡಿ, ಎಸ್‌ಪಿಎಫ್ ಅಂತ ಶುರುವಾಗುವ ಸಾಲು ಎರಡು ಇರಬಹುದು. ಒಂದು ಡೊಮೇನಿಗೆ ಒಂದೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ.

ಕೊಂಡಿ_ಇಳಕಲ್ಲ · ಮಧ್ಯಾಹ್ನ 2:02

ಎರಡದಾವ ರೀ. ಒಂದು ಮೇಲ್‌ಬಾಕ್ಸ್ ತಗೊಂಡಾಗ ಹಾಕಿದ್ದು, ಇನ್ನೊಂದು ನಾನ ಯಾವುದೋ ವಿಡಿಯೋ ನೋಡಿ ಸೇರಿಸಿದ್ದು.

ಕೋಟೆಕೆರೆ_ಬೆಳಗಾವಿ · ಮಧ್ಯಾಹ್ನ 2:10

ಎರಡನ್ನೂ ಕೂಡಿಸಿ ಒಂದೇ ಸಾಲು ಮಾಡಿ. ಮೇಲ್‌ಬಾಕ್ಸ್ ಕೊಟ್ಟವರ ಇನ್‌ಕ್ಲೂಡ್ (ಅವರ ಸರ್ವರುಗಳಿಗೂ ಒಪ್ಪಿಗೆ ಕೊಡುವ ತುಂಡು) ಇರಲಿ, ಅದರ ಪಕ್ಕ ನಿಮ್ಮ ವೆಬ್‌ಸರ್ವರಿನ ಐಪಿ ಬರೆಯಿರಿ, ಕೊನೆಗೆ ಸದ್ಯಕ್ಕೆ ಟಿಲ್ಡ್ ಆಲ್ (ಉಳಿದ ಸರ್ವರುಗಳಿಂದ ಬಂದದ್ದು ಅನುಮಾನದ್ದು ಅನ್ನುವ ಗುರುತು) ಸಾಕು. ಇನ್‌ಕ್ಲೂಡ್‌ಗಳನ್ನು ಸಿಕ್ಕಷ್ಟು ತುರುಕಬೇಡಿ. ಒಂದು ಪರೀಕ್ಷೆಯಲ್ಲಿ ಡಿಎನ್‌ಎಸ್ ಹುಡುಕಾಟ 10 ದಾಟಿದರೆ ಮತ್ತೆ ಪರ್ಮ್ ಎರರ್. ನೇರ ಐಪಿ ಬರೆದರೆ ಆ ಹತ್ತರ ಲೆಕ್ಕಕ್ಕೆ ಸೇರುವುದಿಲ್ಲ.

ಮನೂಕ_ತಿಕೋಟಾ · ಮಧ್ಯಾಹ್ನ 3:30

ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇಷ್ಟೆಲ್ಲ ಯಾಕ ಬೇಕರೀ ಸಣ್ಣ ಅಂಗಡಿಗೆ? ನಾ ಮೇಲ್ ಫಂಕ್ಷನ್ ಬಿಟ್ಟೇಬಿಟ್ಟೀನಿ. ಪಿಎಚ್‌ಪಿಮೇಲರ್ (ಮೇಲ್ ಕಳಿಸೋ ರೆಡಿ ಕೋಡ್) ಹಾಕಿ, ಜಿಮೇಲ್ ಎಸ್‌ಎಂಟಿಪಿ (ಮೇಲ್ ಕಳಿಸೋ) ಸರ್ವರಿಗೆ ಪೋರ್ಟ್ 587ರಾಗ ಲಾಗಿನ್ ಆಗಿ ಕಳಸ್ತೀನಿ. ಮಾಮೂಲಿ ಪಾಸ್‌ವರ್ಡ್ 2022ರ ಮೇ ತಿಂಗಳಿಂದ ನಡೆಯೂದಿಲ್ಲ, ಎರಡು ಹಂತದ ಪರಿಶೀಲನೆ ಹಚ್ಚಿ ಆ್ಯಪ್ ಪಾಸ್‌ವರ್ಡ್ ತಗೋಬೇಕು. ಒಮ್ಮೆ ಮಾಡಿದ್ರ ಆಯ್ತು. ಡಿಕಿಮ್ ಸಹಿ ಅವರೇ ಹಾಕ್ತಾರ. ಸುಗ್ಗಿಯೊಳಗ ದಿನಕ್ಕ ನಲವತ್ತು ಆರ್ಡರ್ ಬಂದ್ರೂ ಒಂದೂ ತಪ್ಪಿಲ್ಲ.

ಕೋಟೆಕೆರೆ_ಬೆಳಗಾವಿ · ಸಂಜೆ 4:20

ಸಿಟ್ಟು ಯಾಕೆ ಅಣ್ಣಾ, ನಿಮ್ಮ ದಾರಿ ತಪ್ಪಲ್ಲ. ದಿನಕ್ಕೆ 500 ಜನರಿಗೆ ಅನ್ನುವ ಮಿತಿಯೊಳಗೆ ಇರುವ ಅಂಗಡಿಗೆ ನಡೆಯುತ್ತದೆ. ಆದರೆ ಅಲ್ಲಿಯೂ ನಿಯಮ ಅದೇ. ಫ್ರಮ್‌ನಲ್ಲಿ ಗ್ರಾಹಕರ ವಿಳಾಸ ಬರೆದರೆ ಜಿಮೇಲ್ ಸರ್ವರು ಅದನ್ನು ತೆಗೆದು ಲಾಗಿನ್ ಆದ ಖಾತೆಯ ವಿಳಾಸವನ್ನೇ ಹಾಕುತ್ತದೆ. ಗ್ರಾಹಕರದು ರಿಪ್ಲೈ ಟುನಲ್ಲಿ ಇರಲೇಬೇಕು.

ನನ್ನ ಅಭಿಪ್ರಾಯ ಹೇಳುತ್ತೇನೆ. ಅಂಗಡಿಗೆ ಡೊಮೇನ್ ಇದೆ ಅಂದಮೇಲೆ ಅದರ ಹೆಸರಲ್ಲೇ ಮೇಲ್ ಹೋಗಲಿ. ಅವರು ನೇಯ್ದ ಸೀರೆಗೆ ಬೇರೆಯವರ ಚೀಟಿ ಅಂಟಿಸುತ್ತಾರೆಯೇ? ಮೇಲ್‌ಬಾಕ್ಸ್ ಕೊಟ್ಟವರ ಎಸ್‌ಎಂಟಿಪಿಗೇ ಪಿಎಚ್‌ಪಿಮೇಲರಿನಿಂದ ಲಾಗಿನ್ ಆಗಿ ಕಳಿಸಿದರೆ, ಡಿಕಿಮ್ ಚಾಲೂ ಮಾಡಿಕೊಂಡರೆ, ನಿಮ್ಮ ಅನುಕೂಲವೂ ಸಿಕ್ಕಿತು, ಸ್ವಂತ ಹೆಸರೂ ಉಳಿಯಿತು.

ಮನೂಕ_ತಿಕೋಟಾ · ಸಂಜೆ 4:35

ಇದು ಒಪ್ಪೋ ಮಾತು. ನಾನೂ ಈ ವಾರ ಹಂಗ ಮಾಡ್ತೀನಿ. ನನ್ನ ಬಾಕ್ಸಿನ ಮ್ಯಾಲೆ ನನ್ನ ಹೆಸರ ಅದ, ಮೇಲಿನಾಗೂ ಇರ್ಲಿ.

ನವನಗರ_ಮಾಸ್ತರ · ಸಂಜೆ 6:05

ನಾನು ಪಾಲಿಟೆಕ್ನಿಕ್ ಹುಡುಗರಿಗೆ ಪಿಎಚ್‌ಪಿ ಕಲಿಸ್ತೇನಿ. ಮೊದಲ ಪೋಸ್ಟ್ ಓದಿದಾಗಿಂದ ಒಂದು ವಿಷಯ ಮನಸ್ಸಿಗೆ ಚುಚ್ಚಾಕತ್ತೈತಿ, ಸ್ಪ್ಯಾಮಿಗಿಂತ ದೊಡ್ಡದು. ಫಾರ್ಮಿನಾಗ ಹೊರಗಿನವರು ತುಂಬಿದ್ದನ್ನ ಸೀದಾ ಹೆಡರಿನಾಗ ಇಟ್ಟೀದಿ.

ಹೆಡರು ಅಂದ್ರ ಒಂದೊಂದು ಸಾಲು. ಈಮೇಲ್ ಅಂತ ಕೇಳಿದ ಜಾಗದಾಗ ಯಾರೋ ಕೆಟ್ಟವರು ಒಂದು ವಿಳಾಸ, ಅದರ ಹಿಂದ ಹೊಸ ಸಾಲಿನ ಅಕ್ಷರ, ಅದರ ಹಿಂದ 'ಬಿಸಿಸಿ' ಅಂತ ಸಾವಿರ ವಿಳಾಸ ತುರುಕಿ ಕಳಿಸಿದ್ರ ಮಾವನ ಅಂಗಡಿ ಸರ್ವರಿನಿಂದ ಸಾವಿರ ಮಂದಿಗೆ ಸ್ಪ್ಯಾಮ್ ಹೋಗತೈತಿ. ಆಮ್ಯಾಲೆ ಎಸ್‌ಪಿಎಫ್ ಎಷ್ಟ ಸರಿ ಇದ್ರೂ ಆ ಡೊಮೇನಿನ ಹೆಸರು ಕೆಟ್ಟಹಾಂಗ. ರಿಪ್ಲೈ ಟುನಾಗ ಹಾಕೋಕಿಂತ ಮೊದಲು ಫಿಲ್ಟರ್ ವಾರ್ ಫಂಕ್ಷನ್ನಿಗೆ ಈಮೇಲ್ ಪರೀಕ್ಷೆ ಮಾಡಾಕ ಕೊಡು. ಹೊಸ ಸಾಲು ಇದ್ದ ವಿಳಾಸನ್ನ ಅದು ಸಾಮಾನ್ಯವಾಗಿ ಒಪ್ಪೂದಿಲ್ಲ. ಹೆಸರಿನ ಜಾಗಕ್ಕೂ ಹಂಗ, ಸಾಲು ಮುರಿಯೋ ಎರಡೂ ಅಕ್ಷರ ತೆಗೆದುಹಾಕು.

ಮತ್ತ ಆ ಐದನೇ ಆರ್ಗ್ಯುಮೆಂಟ್ ಐತಲ್ಲ, ಅಲ್ಲಿ ಹೊರಗಿನವರ ಒಂದು ಅಕ್ಷರನೂ ಹೋಗಬಾರದು. ಅದು ಹೋಗೋದು ಸರ್ವರಿನ ಕಮಾಂಡ್ ಲೈನಿಗೆ. 2016ರ ಡಿಸೆಂಬರಿನಾಗ ಪಿಎಚ್‌ಪಿಮೇಲರಿನಾಗ ಸಿಕ್ಕ ದೊಡ್ಡ ತೂತು ಇದ ಜಾಗದಾಗ ಇತ್ತು, ಅಂಥ ತೂತುಗಳ ಪಟ್ಟಿಯೊಳಗ ಅದರ ನಂಬರು ಸಿವಿಇ 2016-10033. ಉದ್ಧರಣ ಚಿಹ್ನೆ ಹಾಕಿದ್ರ ಈಮೇಲ್ ವಿಳಾಸದ ಎಡಭಾಗದಾಗ ಖಾಲಿ ಜಾಗಾನೂ ಇರಬಹುದು ಅಂತ ನಿಯಮ ಐತಿ. ಅದನ್ನ ಬಳಸಿಕೊಂಡು, ಪರೀಕ್ಷೆ ದಾಟುವಂಥ ವಿಳಾಸದೊಳಗ ಸೆಂಡ್‌ಮೇಲಿಗೆ (ಸರ್ವರಿನ ಮೇಲ್ ಪ್ರೋಗ್ರಾಮ್) ಬ್ಯಾರೆ ಆದೇಶ ಸೇರಿಸಿ, ಸರ್ವರಿನ ಮ್ಯಾಲೆ ತಮ್ಮ ಫೈಲ್ ಬರೆಸೋಕ ಬರತಿತ್ತು. ಕಳಿಸಿದವರ ವಿಳಾಸ ಅನ್ನೋ ಒಂದು ಸಣ್ಣ ಜಾಗದಿಂದ ಪೂರ್ತಿ ಸರ್ವರ್ ಕೈಬಿಟ್ಟು ಹೋಗೋದು! 5.2.18ರಾಗ ಸರಿ ಮಾಡಿದ್ರು, ಅದನ್ನೂ ದಾಟಿದ್ರು, 5.2.20ರಾಗ ಮತ್ತ ಸರಿ ಮಾಡಿದ್ರು. ಹಳೆ ಪ್ರತಿ ಯಾರ ಹತ್ರರ ಇದ್ರ ಇವತ್ತ ತೆಗೀರಿ. ಐದನೆಯದರಾಗ ನಿಮ್ಮ ಕೈಲೆ ಬರೆದ, ಎಂದೂ ಬದಲಾಗದ ವಿಳಾಸ ಮಾತ್ರ.

ಇದನ್ನ ನಾನು ಪ್ರತಿ ವರ್ಷ ಕ್ಲಾಸಿನಾಗ ಹೇಳ್ತೇನಿ. ಹುಡುಗರು ಬರಕೋತಾರ, ಪ್ರಾಜೆಕ್ಟಿನಾಗ ಮರೀತಾರ. ಅದಕ್ಕ ಇಲ್ಲಿ ಇಷ್ಟು ಉದ್ದ ಬರೆದೆ.

ಕರದಂಟು_ಅಮೀನಗಡ · ಸಂಜೆ 6:40

ವರ್ಡ್‌ಪ್ರೆಸ್‌ನಾಗೂ ಇದ ತ್ರಾಸ ಏನ್ರಿ ಸರ? ನಮ್ಮ ಸೈಟಿನಿಂದ ಬರೋ ಮೇಲಿಗೆಲ್ಲ 'ವರ್ಡ್‌ಪ್ರೆಸ್ ಅಟ್ ನಮ್ಮ ಡೊಮೇನ್' ಅಂತ ಬರತೈತಿ, ಆ ಹೆಸರಿನ ಪೆಟ್ಟಿಗಿನ ನಮ್ಮಲ್ಲಿಲ್ಲ.

ನವನಗರ_ಮಾಸ್ತರ · ಸಂಜೆ 6:58

ಅದು ವರ್ಡ್‌ಪ್ರೆಸ್ ತಾನ ಹಾಕೋ ವಿಳಾಸ. 'ಡಬ್ಲ್ಯೂಪಿ ಮೇಲ್ ಫ್ರಮ್' ಅಂತ ಒಂದು ಫಿಲ್ಟರ್ ಐತಿ, ಹೆಸರಿಗೆ ಅಂತ ಅದರ ಜೋಡಿ ಇನ್ನೊಂದೈತಿ. ಎರಡೂ ಬಳಸಿ ನಿಜವಾಗಿ ಇರೋ ಪೆಟ್ಟಿಗಿ ವಿಳಾಸ ಕೊಡು.

ಕೊಂಡಿ_ಇಳಕಲ್ಲ · ರಾತ್ರಿ 8:20

ಮಾಸ್ತರ, ನಿಮ್ಮ ಪೋಸ್ಟ್ ಓದಿ ಮೊದಲ ಆ ಕೆಲಸ ಮಾಡಿದೆ. ಹೆಸರು, ಈಮೇಲ್ ಎರಡಕ್ಕೂ ಪರೀಕ್ಷೆ ಹಾಕೇನಿ.

ಇನ್ನೊಂದು ಆಶಾ ಐತಿ. ಆರ್ಡರ್ ಮುಟ್ಟಿತು ಅಂತ ಗ್ರಾಹಕರಿಗೂ ಒಂದು ಮೇಲ್ ಕಳಸಬೇಕು, ಅದರಾಗ ಕಳಿಸಿದವರ ಹೆಸರು ಕನ್ನಡದಾಗ 'ಇಳಕಲ್ಲ ಸೀರೆ ಮಳಿಗೆ' ಅಂತ ಕಾಣಬೇಕು. ಮಾವನ ಬೋರ್ಡೂ ಕನ್ನಡದಾಗ ಐತಿ. ಹಂಗ ಬರೆದ್ರ ಕೆಲವರ ಫೋನಿನಾಗ ಅರ್ಥ ಆಗದ ಗುರುತು ಬರಾಕತ್ತಾವ.

ಕೋಟೆಕೆರೆ_ಬೆಳಗಾವಿ · ರಾತ್ರಿ 9:15

ಈ ಪ್ರಶ್ನೆ ಕೇಳಿದ್ದಕ್ಕೆ ನನಗೆ ಬಹಳ ಸಂತೋಷವಾಯಿತು. ಇಂಗ್ಲಿಷಿನಲ್ಲಿ ಬರೆದುಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಹೆಡರಿನಲ್ಲಿ ಕನ್ನಡವನ್ನು ಹಾಗೇ ಇಡಬಾರದು, ಆರ್‌ಎಫ್‌ಸಿ 2047 ಹೇಳಿದಂತೆ ಸಂಕೇತಕ್ಕೆ ತಿರುಗಿಸಿ ಇಡಬೇಕು. ಯುಟಿಎಫ್ 8 (ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿ) ಅನ್ನುವ ಗುರುತು, ಬೇಸ್ 64 (ಆ ಬೈಟುಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ಪದ್ಧತಿ) ಅನ್ನುವುದಕ್ಕೆ ಬಿ, ಆಮೇಲೆ ತಿರುಗಿಸಿದ ಹೆಸರು. ಹೀಗೆ ಮಾಡಿದ ಒಂದು ತುಂಡು 75 ಅಕ್ಷರ ದಾಟುವಂತಿಲ್ಲ. ನಮ್ಮ ಲಿಪಿಗೆ ಇದು ಇಕ್ಕಟ್ಟು, ಯಾಕೆಂದರೆ ಅಕ್ಷರ, ಗುಣಿತ, ಒತ್ತಿನ ಗುರುತು ಒಂದೊಂದಕ್ಕೂ 3 ಬೈಟ್ ಬೇಕು. ನಿಮ್ಮ ಹೆಸರನ್ನೇ ಎಣಿಸಿದೆ. 15 ಕನ್ನಡ ಗುರುತು, 2 ಖಾಲಿ ಜಾಗ, ಒಟ್ಟು 47 ಬೈಟ್. ಬೇಸ್ 64ರಲ್ಲಿ 64 ಅಕ್ಷರವಾಗುತ್ತದೆ. ಮುಂದಿನ, ಹಿಂದಿನ ಗುರುತುಗಳಿಗೆ 12. ಒಟ್ಟು 76! ಒಂದೇ ಒಂದು ಅಕ್ಷರ ಹೆಚ್ಚಾಯಿತು, ಹಾಗಾಗಿ ಎರಡು ತುಂಡು ಮಾಡಲೇಬೇಕು. ಕೈಯಿಂದ ಕತ್ತರಿಸಿದರೆ ಒಂದು ಅಕ್ಷರದ ಮೂರು ಬೈಟಿನ ನಡುವೆ ಕತ್ತರಿ ಬೀಳಬಹುದು. ಪಿಎಚ್‌ಪಿಯ 'ಎಂಬಿ ಎನ್‌ಕೋಡ್ ಮೈಮ್‌ಹೆಡರ್' ಅಕ್ಷರ ಮುರಿಯದ ಹಾಗೆ ತುಂಡು ಮಾಡುತ್ತದೆ. ಹೆಸರನ್ನು ಮಾತ್ರ ಅದಕ್ಕೆ ಕೊಡಿ, ಕೋನದ ಆವರಣದೊಳಗಿನ ವಿಳಾಸವನ್ನು ಕೊಡಬೇಡಿ. ಪಿಎಚ್‌ಪಿಮೇಲರ್ ಬಳಸುವುದಾದರೆ ಕ್ಯಾರ್‌ಸೆಟ್ ಯುಟಿಎಫ್ 8 ಅಂತ ಹೇಳಿದರಾಯಿತು, ಉಳಿದದ್ದು ಅದೇ ಮಾಡಿಕೊಳ್ಳುತ್ತದೆ.

ಇನ್ನು ಡಿಮಾರ್ಕ್. ಡಿಎನ್‌ಎಸ್‌ನಲ್ಲಿ ಮೊದಲು ನೀತಿ 'ನನ್' (ಫೇಲಾದರೂ ಏನೂ ಮಾಡಬೇಡಿ) ಅಂತ ಇಟ್ಟು ವರದಿಗೆ ಒಂದು ವಿಳಾಸ ಕೊಡಿ. ನಿಮ್ಮ ಹೆಸರಲ್ಲಿ ಯಾವ ಯಾವ ಸರ್ವರಿನಿಂದ ಮೇಲ್ ಹೋಗುತ್ತಿದೆ ಅಂತ ವರದಿ ಬರುತ್ತದೆ. ಎಲ್ಲ ನಿಮ್ಮವೇ ಅಂತ ಖಾತ್ರಿಯಾದ ಮೇಲೆ ಬಿಗಿ ಮಾಡಿ. ಜಿಮೇಲಿಗೆ ಕಳಿಸುವ ಎಲ್ಲರಿಗೂ 2024ರ ಫೆಬ್ರವರಿಯಿಂದ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಲೇಬೇಕು. ದಿನಕ್ಕೆ 5000 ದಾಟಿ ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ ಕೂಡ. ನೀವು ಆ ಸಂಖ್ಯೆಯಿಂದ ದೂರ ಇದ್ದೀರಿ, ಆದರೂ ಮೂರನ್ನೂ ಮಾಡಿ.

ಮನೂಕ_ತಿಕೋಟಾ · ರಾತ್ರಿ 9:40

ನನ್ನದೊಂದು ಮಾತು ಸೇರಿಸ್ತೀನಿ. ಆರ್ಡರನ್ನ ಮೊದಲ ಡೇಟಾಬೇಸಿನಾಗ ಬರಸು, ಆಮ್ಯಾಲ ಮೇಲ್ ಕಳಸು. ಮೇಲ್ ಎಲ್ಲೇ ತಪ್ಪಲಿ, ಆರ್ಡರ್ ತಪ್ಪಬಾರದು. ಮುಂಜಾನೆ ಅಂಗಡಿ ಬಾಗಿಲ ತಗದ ಮ್ಯಾಲ ಆ ಪಟ್ಟಿ ಒಮ್ಮೆ ನೋಡೋ ರೂಢಿ ಮಾವಗ ಹಚ್ಚು.

ಕೊಂಡಿ_ಇಳಕಲ್ಲ · ಮೂರು ದಿನದ ಮ್ಯಾಲೆ, ಸಂಜೆ 7:30

ಎಲ್ಲಾ ಆತು ರೀ. ಎಸ್‌ಪಿಎಫ್ ಒಂದೇ ಸಾಲು, ಮೇಲ್‌ಬಾಕ್ಸಿನ ಎಸ್‌ಎಂಟಿಪಿಯಿಂದ ಡಿಕಿಮ್ ಸಹಿ, ಡಿಮಾರ್ಕ್ ನನ್. ಶೋ ಒರಿಜಿನಲ್ ತೆಗೆದ್ರ ಮೂರೂ ಪಾಸ್. ಆರ್ಡರು ಮೊದಲ ಡೇಟಾಬೇಸಿಗೆ ಬೀಳತೈತಿ.

ಮಾವಗ ತಿಳಿಸಿ ಹೇಳಬೇಕಿತ್ತು, ಮಗ್ಗದ ಮುಂದ ಕುಂತು ಹೇಳಿದೆ. ನಮ್ಮ ಸೀರಿಯೊಳಗ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತೀರಲ್ಲ, ಮೇಲಿನಾಗೂ ಲಕೋಟೆ ಹೆಸರು ಒಳಗಿನ ಹೆಸರು ಹಂಗ ಕೂಡಬೇಕು, ನಾನು ಬ್ಯಾರೆಯವರ ಸೆರಗು ತಂದು ಹಚ್ಚಿದ್ದೆ ಅಂದೆ. ಮಾವ ತಟಕ್ಕನ ಹಿಡಿದ್ರು: 'ಮತ್ತ ನಿಲ್ಲೂದು ಹೆಂಗ ಅದು?' ಅಂದ್ರು.

ಹುಬ್ಬಳ್ಳಿ ಅಕ್ಕಾರ ಆರು ಸೀರಿ ಹೋಗ್ಯಾವ. ಮದುವಿಗೆ ಇನ್ನೂ ಎಂಟು ದಿನ ಐತಿ, ಮಾವ ಎರಡು ರಾತ್ರಿ ಮಗ್ಗ ಬಿಟ್ಟು ಏಳಲಿಲ್ಲ. ಅವರಿಗೆ ಹೋದ ಮೇಲಿನಾಗ ಹೆಸರು ಕನ್ನಡದಾಗ ಸರಿಯಾಗಿ ಬಂದೈತಿ, ಫೋಟೋ ತೆಗೆದು ಕಳಿಸ್ಯಾರ.

ಇವತ್ತ ಮಧ್ಯಾಹ್ನ ಕಲಬುರಗಿಯಿಂದ ದಾಳಿಂಬರಿ ಬಣ್ಣದ್ದೊಂದು ಆರ್ಡರ್ ಬಂತು, ಇನ್‌ಬಾಕ್ಸಿಗೇ ಬಂತು. ಮಾವ ತಾವ ರಿಪ್ಲೈ ಒತ್ತಿದ್ರು. ಗ್ರಾಹಕರ ವಿಳಾಸ ತಾನ ಕುಂತಿತು.